ಧರ್ಮಾದಾಯದ ಖಾತೆ: ಕೊಡುವ ಕೈಗೂ ಲೆಕ್ಕ ಬೇಕು

ದೀಪಾವಳಿಯ ಅಮಾವಾಸ್ಯೆಯಂದು ಅಂಗಡಿಯ ಗಾದಿಯ ಮೇಲೆ ಹೊಸ ಕಿರ್ದಿ ಪುಸ್ತಕವನ್ನಿಟ್ಟು, ಅರಿಷಿಣ ಕುಂಕುಮ ಏರಿಸಿ ಲಕ್ಷ್ಮೀಪೂಜೆ ಮಾಡುವ ಪದ್ಧತಿ ನಮ್ಮ ಭಾಗದ ವರ್ತಕರಲ್ಲಿ ಇಂದಿಗೂ ಉಳಿದುಬಂದಿದೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಸೇರಿದ ಮೇಲೂ ಪೂಜೆಗೆಂದು ಕೆಂಪು ರಟ್ಟಿನ ಒಂದು ಪುಸ್ತಕ ಬೇಕೇ ಬೇಕು. ಹಿಂದಿನವರು ಆ ಪುಸ್ತಕದಲ್ಲಿ ಸರಕು, ಸಾಲ, ಹಮಾಲಿ, ಬಾಡಿಗೆಗಳ ಖಾತೆಗಳ ಜೊತೆಗೆ ಇನ್ನೊಂದು ಖಾತೆಯನ್ನೂ ತೆರೆಯುತ್ತಿದ್ದರು. ಅದುವೇ ಧರ್ಮಾದಾಯದ ಖಾತೆ. ಚೀಲಕ್ಕಿಷ್ಟು, ಹೇರಿಗಿಷ್ಟು ಎಂದು ವ್ಯವಹಾರದ ಪ್ರಮಾಣಕ್ಕೆ ತಕ್ಕಂತೆ ತೆಗೆದಿರಿಸಿದ ಆ ಹಣ ಗುಡಿ, ಮಠ, ಪಾಠಶಾಲೆ, ಅನ್ನಛತ್ರ, ಅನಾಥರ ಪೋಷಣೆ ಮುಂತಾದ ಕಾರ್ಯಗಳಿಗೆ ವಿನಿಯೋಗವಾಗಬೇಕೆಂಬುದು ರೂಢಿಯಾಗಿತ್ತು.

ಇಂದು ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ವ್ಯಾಪಾರಸ್ಥರಲ್ಲಿ ದಾನಬುದ್ಧಿಗೆ ಕೊರತೆಯಿಲ್ಲ. ಜಾತ್ರೆಗೆ ಅನ್ನಸಂತರ್ಪಣೆ, ಶಾಲೆಗೆ ಬೆಂಚು, ಮಠಕ್ಕೆ ಅಕ್ಕಿ, ಆಸ್ಪತ್ರೆಯ ಖರ್ಚಿಗೆಂದು ಬಂದವರಿಗೆ ಕೈಲಾದಷ್ಟು ಎಂದು ಕೊಡುತ್ತಲೇ ಇರುತ್ತೇವೆ. ಆದರೆ ವರ್ಷದ ಕೊನೆಗೆ ಯಾರಾದರೂ ನಮ್ಮನ್ನು ಮೂರು ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಎಷ್ಟು ಕೊಟ್ಟಿರಿ? ಅದು ಯಾರ ಹಣ? ಅದರಿಂದ ಯಾವ ಬಡವನ ಯಾವ ಕಷ್ಟ ನೀಗಿತು? ಸರಕಿನ ಒಂದೊಂದು ಪೈಸೆಗೂ ಲೆಕ್ಕ ಇಡುವ ನಾವು ದಾನದ ಹಣಕ್ಕೆ ಮಾತ್ರ ಲೆಕ್ಕ ಇಡುವುದಿಲ್ಲ. ಲೆಕ್ಕವಿಲ್ಲದ ವ್ಯಾಪಾರ ಹೇಗೆ ನಿಲ್ಲುವುದಿಲ್ಲವೋ ಲೆಕ್ಕವಿಲ್ಲದ ಧರ್ಮವೂ ಹಾಗೆಯೇ ನಿಲ್ಲಲಾರದು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಶಿಲೆಯ ಮೇಲೆ ವರ್ತಕರ ಹೆಸರು

ವ್ಯಾಪಾರದ ಪ್ರಮಾಣಕ್ಕೆ ತಕ್ಕಂತೆ ಧರ್ಮಕ್ಕೆ ಪಾಲು ತೆಗೆದಿರಿಸುವ ಪದ್ಧತಿ ನಮ್ಮ ನೆಲದಲ್ಲಿ ಬಹು ಹಳೆಯದು. ನಮ್ಮ ಜಿಲ್ಲೆಯ ಐಹೊಳೆಯೇ ಒಂದು ಕಾಲಕ್ಕೆ ದಕ್ಷಿಣ ಭಾರತದಾದ್ಯಂತ ಹೆಸರಾದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. ಕನ್ನಡ ನಾಡಿನಲ್ಲಷ್ಟೇ ಅಲ್ಲದೆ ಆಂಧ್ರ, ತಮಿಳು ನಾಡುಗಳಲ್ಲಿಯೂ ಈ ಸಂಘದ ಶಾಸನಗಳು ದೊರೆತಿವೆ. ತೇರದಾಳದಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಗೆ ಸಂಬಂಧಿಸಿದ 12ನೆಯ ಶತಮಾನದ ಶಾಸನ ಪ್ರಸಿದ್ಧವಾದುದು. ಅದರ ಮೊದಲ ಭಾಗ 1123ರದು. ಈ ಶಾಸನವನ್ನು ವಿದ್ವಾಂಸರಾದ ಕೆ.ಬಿ. ಪಾಠಕರು 19ನೆಯ ಶತಮಾನದಲ್ಲಿಯೇ ಪ್ರಕಟಿಸಿದರು. ಅರಸರು, ಅಧಿಕಾರಿಗಳ ಸಾಲಿನಲ್ಲಿಯೇ ಐನೂರ್ವರ ಸಂಘದ ವರ್ತಕರೂ ಅಲ್ಲಿ ಕಾಣಿಸಿಕೊಳ್ಳುತ್ತಾರೆ.

ಆ ಕಾಲದ ವರ್ತಕ ಶಾಸನಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವರ್ತಕರು ಮನಸ್ಸಿಗೆ ಬಂದಾಗ ಬಂದಷ್ಟು ಕೊಟ್ಟು ಕೈತೊಳೆದುಕೊಂಡವರಲ್ಲ. ಎಲೆಯ ಹೇರಿಗೆ ಇಷ್ಟು, ಎಣ್ಣೆಯ ಗಾಣಕ್ಕೆ ಇಷ್ಟು, ಅಡಿಕೆಯ ಹೇರಿಗೆ ಇಷ್ಟು ಎಂದು ದರ ನಿಗದಿಪಡಿಸಿ, ಅದನ್ನು ಎಲ್ಲರ ಎದುರು ಒಪ್ಪಿ, ಕಲ್ಲಿನ ಮೇಲೆ ಬರೆಯಿಸಿದರು. ವ್ಯಾಪಾರ ಬೆಳೆದಂತೆ ಧರ್ಮದ ಪಾಲೂ ಬೆಳೆಯುತ್ತಿತ್ತು. ಕೊಡುವವನ ಮನಸ್ಥಿತಿಯ ಮೇಲೆ ಅದು ಅವಲಂಬಿತವಾಗಿರಲಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಮುಂಗಡಪತ್ರದಲ್ಲಿ ಸೇರಿದ ವೆಚ್ಚವಾಗಿತ್ತು, ಉಳಿದರೆ ಕೊಡುವ ಹಣವಾಗಿರಲಿಲ್ಲ.

ಮುಧೋಳದ ಉದಾಹರಣೆಯೂ ನಮಗೆ ಪಾಠವಾಗಬಲ್ಲದು. 949ರಲ್ಲಿ ಅಲ್ಲಿ ಜನಿಸಿದ ರನ್ನನು ಬಳೆಗಾರರ ಮನೆತನದವನು. ಅಂದರೆ ಸಣ್ಣ ವ್ಯಾಪಾರಿಯ ಮಗ. ವಿದ್ಯೆಗಾಗಿ ಊರು ಬಿಟ್ಟು ಹೋದ ಈ ಬಾಲಕನಿಗೆ ಮುಂದೆ ಚಾವುಂಡರಾಯನ ಆಶ್ರಯ, ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆಯ ಪೋಷಣೆ ದೊರಕಿದವು. 993ರ 'ಅಜಿತಪುರಾಣ' ಆ ಪೋಷಣೆಯ ಫಲ. ಬಳೆ ಮಾರುವವನ ಮಗನ ವಿದ್ಯೆಗೆ ಬಿದ್ದ ಹಣ ಸಾವಿರ ವರ್ಷ ಕಳೆದರೂ ನಾಡಿಗೆ ಲಾಭ ಕೊಡುತ್ತಲೇ ಇದೆ. ಯಾವ ಬಂಡವಾಳ ಇಷ್ಟು ದೀರ್ಘಕಾಲ ಆದಾಯ ತಂದೀತು?

ಧರ್ಮಾದಾಯ ಯಾರ ಹಣ?

ಹಳೆಯ ಪದ್ಧತಿಯೆಲ್ಲವೂ ಒಳ್ಳೆಯದೇ ಆಗಿತ್ತೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಕಾಲಕ್ರಮದಲ್ಲಿ ಧರ್ಮಾದಾಯದ ಹೆಸರು ಕೆಟ್ಟಿತು. ಮಾಲು ತಂದ ರೈತನ ಬಿಲ್ಲಿನಿಂದ ದಲಾಲಿ, ಹಮಾಲಿ, ತೂಕಾವಳಿ, ಸೂಟುಗಳ ಜೊತೆಗೆ ಧರ್ಮಾದಾಯವನ್ನೂ ಕಳೆಯುವ ಪದ್ಧತಿ ದೇಶದ ಅನೇಕ ಪೇಟೆಗಳಲ್ಲಿ ಬೆಳೆಯಿತು. ರೈತನನ್ನು ಕೇಳದೆ ಅವನ ಹಣ ತೆಗೆದು, ವರ್ತಕನ ಹೆಸರಿನಲ್ಲಿ ದಾನ ಕೊಡಲಾಗುತ್ತಿತ್ತು. 'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಿಕ್ಕಿಲ್ಲ. 1928ರಲ್ಲಿ ವರದಿ ಸಲ್ಲಿಸಿದ ರಾಯಲ್ ಕೃಷಿ ಆಯೋಗವು ಪೇಟೆಗಳಲ್ಲಿ ನಡೆಯುತ್ತಿದ್ದ ಇಂಥ ಕಡಿತಗಳನ್ನು ಗುರುತಿಸಿ ನಿಯಂತ್ರಿತ ಮಾರುಕಟ್ಟೆಗಳ ಅವಶ್ಯಕತೆಯನ್ನು ಒತ್ತಿ ಹೇಳಿತು. 1939ರ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಮತ್ತು ನಂತರದ 1966ರ ಕರ್ನಾಟಕದ ಕಾಯ್ದೆಗಳ ಮುಖ್ಯ ಆಶಯವೇ ನಿಯಮದಲ್ಲಿಲ್ಲದ ಕಡಿತಗಳಿಂದ ರೈತನನ್ನು ಪಾರುಮಾಡುವುದಾಗಿತ್ತು.

ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಎರಡು ವರ್ಷಗಳ ನಂತರ ಬಂದ 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯ 54ನೆಯ ಕಲಮು ಧರ್ಮಾದಾಯವನ್ನೇ ಹೆಸರಿಸಿ ಮಾತನಾಡುತ್ತದೆ. ಅದರ ತಾತ್ಪರ್ಯ ಇಷ್ಟು: ವ್ಯಾಪಾರದ ರೂಢಿಯಂತೆ ಅಥವಾ ಒಪ್ಪಂದದಂತೆ ಧರ್ಮಕಾರ್ಯಕ್ಕೆಂದು ಯಾವ ಹೆಸರಿನಿಂದ ಹಣ ವಸೂಲು ಮಾಡಿದರೂ, ವಸೂಲು ಮಾಡಿದವನು ಅದರ ಒಡೆಯನಲ್ಲ, ಕೇವಲ ವಿಶ್ವಸ್ತ. ವರ್ಷ ಮುಗಿದ ಮೂರು ತಿಂಗಳೊಳಗೆ ಆತ ಅದರ ಲೆಕ್ಕವನ್ನು ಧರ್ಮಾದಾಯ ಇಲಾಖೆಯ ಅಧಿಕಾರಿಗೆ ಒಪ್ಪಿಸಬೇಕು. ಅಂಗಡಿಯ ತಿಜೋರಿಯಲ್ಲಿದ್ದರೂ ಆ ಹಣ ಅಂಗಡಿಯದಲ್ಲವೆಂಬ ತತ್ತ್ವವನ್ನು ಕಾನೂನು ಹೀಗೆ ಸ್ಪಷ್ಟಪಡಿಸಿತು.

ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳೂ ಇದೇ ದಾರಿಯಲ್ಲಿವೆ. ನೂಲು ತಯಾರಿಸುವ ಬಿಜಲಿ ಕಾಟನ್ ಮಿಲ್ಸ್ ಎಂಬ ಕಂಪನಿ ಗಿರಾಕಿಗಳಿಂದ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಧರ್ಮಾದಾಯವನ್ನು ಪಡೆದು ಬೇರೆ ಖಾತೆಯಲ್ಲಿ ಜಮಾ ಮಾಡುತ್ತಿತ್ತು. ಈ ಹಣ ಕಂಪನಿಯ ವ್ಯಾಪಾರದ ಆದಾಯವಲ್ಲ, ಧರ್ಮಕಾರ್ಯಕ್ಕೆ ಬದ್ಧವಾದುದು ಎಂದು ನ್ಯಾಯಾಲಯವು 1979ರಲ್ಲಿ ತೀರ್ಮಾನಿಸಿತು. 2019ರಲ್ಲಿ ಡಿ.ಜೆ. ಮಾಲ್ಪಾಣಿ ಪ್ರಕರಣದಲ್ಲಿ, ಗಿರಾಕಿಗಳು ಸ್ವಇಚ್ಛೆಯಿಂದ ಕೊಡುವ ಧರ್ಮಾದಾಯವು ಸರಕಿನ ಬೆಲೆಯ ಭಾಗವಲ್ಲವಾದ್ದರಿಂದ ಅದರ ಮೇಲೆ ಅಬಕಾರಿ ಸುಂಕ ಬರುವುದಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು.

ಈ ಇತಿಹಾಸದಿಂದ ವರ್ತಕನು ಕಲಿಯಬೇಕಾದ ಪಾಠ ಮೂರು. ಒಂದು, ಧರ್ಮದ ಹಣ ಕೊಡುವವನ ಒಪ್ಪಿಗೆಯಿಂದಲೇ ಬರಬೇಕು. ಎರಡು, ಅದು ಬೇರೆ ಖಾತೆಯಲ್ಲಿರಬೇಕು. ಮೂರು, ಅದು ಧರ್ಮಕ್ಕೇ ಖರ್ಚಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ದಾನವೆನಿಸದು. ರೈತನ ತೂಕದಲ್ಲಿ ಕಳೆದು ಗುಡಿಯ ಹುಂಡಿಗೆ ಹಾಕಿದ ಹಣಕ್ಕೆ ಪುಣ್ಯ ಬರುವುದಿದ್ದರೆ ಅದು ರೈತನಿಗೆ ಸಲ್ಲಬೇಕೇ ಹೊರತು ನಮಗಲ್ಲ.

ಮೊದಲು ಮಜೂರಿ, ಆಮೇಲೆ ದಾನ

'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ವ್ಯಾಪಾರಸ್ಥನಿಗೆ ಮನೆಯೆಂದರೆ ಹೆಂಡತಿ ಮಕ್ಕಳಷ್ಟೇ ಅಲ್ಲ. ಅವನ ಮಗ್ಗದ ಮುಂದೆ ಕುಳಿತ ನೇಕಾರ, ಚೀಲ ಹೊರುವ ಹಮಾಲ, ಬೆಲ್ಲದ ಗಾಣದ ಆಳು, ಕಬ್ಬು ಕಡಿಯುವ ಗ್ಯಾಂಗಿನವರು, ಅಂಗಡಿಯ ಗುಮಾಸ್ತ ಇವರೆಲ್ಲರೂ ಆ ಮನೆಗೆ ಸೇರಿದವರು. ಇವರಿಗೆ ಸಲ್ಲಬೇಕಾದುದನ್ನು ಸಕಾಲಕ್ಕೆ ಸಲ್ಲಿಸದೆ ಹೊರಗೆ ಮಾಡುವ ದಾನಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು.

ಉದಾಹರಣೆಗೆ, ದಿನಕ್ಕೆ 400 ರೂಪಾಯಿ ದುಡಿಯುವ ಕೂಲಿ ನೇಕಾರನ 12 ದಿನಗಳ ಮಜೂರಿ ಸದಾ ಬಾಕಿ ಉಳಿಯುತ್ತದೆಂದು ಇಟ್ಟುಕೊಳ್ಳೋಣ. ಬಾಕಿ ಮೊತ್ತ 4,800 ರೂಪಾಯಿ. ಸಂಸಾರ ನಡೆಯಬೇಕಾದ್ದರಿಂದ ಅಷ್ಟನ್ನೇ ಆತ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯಂತೆ ಕೈಗಡ ತಂದರೆ ತಿಂಗಳಿಗೆ 240 ರೂಪಾಯಿ, ವರ್ಷಕ್ಕೆ 2,880 ರೂಪಾಯಿ ಬಡ್ಡಿ ತೆರುತ್ತಾನೆ. ದೀಪಾವಳಿಗೆ ಮಾಲೀಕನು ಆತನ ಮನೆಗೆ 1,000 ರೂಪಾಯಿ ಬೆಲೆಯ ಸೀರೆ, ಸಿಹಿ ಕಳುಹಿಸಿದರೂ ಒಟ್ಟು ಲೆಕ್ಕದಲ್ಲಿ ನೇಕಾರನಿಗೆ 1,880 ರೂಪಾಯಿ ನಷ್ಟವೇ. ಇಲ್ಲಿ ಯಾರೂ ಯಾರಿಗೂ ಕೆಡಕು ಬಯಸಿಲ್ಲ. ಮಾಲೀಕನಿಗೂ ಹೊರಗಿನ ಪೇಟೆಯಿಂದ ಹಣ ಬಾಕಿ ಇರುತ್ತದೆ. ಆದರೂ ಪೇಟೆಯ ಉದ್ದರಿಯ ಭಾರವನ್ನು ಕೊನೆಗೆ ಹೊರುವವನು ಎಲ್ಲರಿಗಿಂತ ಬಡವನೇ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚು ತಡೆಯುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ ಮಾತ್ರ. 2024-25ರ ಕರನಿರ್ಧಾರಣೆ ವರ್ಷದಿಂದ, ಈ ಅವಧಿ ಮೀರಿ ಬಾಕಿ ಉಳಿದ ಮೊತ್ತವನ್ನು ಕೊಡುವವರೆಗೂ ಖರ್ಚೆಂದು ತೋರಿಸಲು ಆದಾಯ ತೆರಿಗೆ ಕಾಯ್ದೆ ಅವಕಾಶ ಕೊಡುವುದಿಲ್ಲ. ಉದ್ಯಮ್ ನೋಂದಣಿ ಪಡೆದ ನಾಲ್ಕು ಮಗ್ಗಗಳ ಒಡೆಯನೂ ಸೂಕ್ಷ್ಮ ಉದ್ಯಮಿಯೇ ಎಂಬುದನ್ನು ಆತನಿಂದ ಬಟ್ಟೆ ಕೊಳ್ಳುವವರು ನೆನಪಿಡಬೇಕು. ಹಾಗೆಯೇ 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು, ತಪ್ಪಿದರೆ ಶೇ. 15ರ ಬಡ್ಡಿ ಸೇರಬೇಕು. ಸಕ್ಕರೆ ಮತ್ತು ಬೆಲ್ಲವನ್ನೇ ನಂಬಿದ ನಮ್ಮ ತಾಲೂಕುಗಳಲ್ಲಿ ರೈತನ ಕೈಗೆ ಸಕಾಲಕ್ಕೆ ಹಣ ಬಂದರೆ ಅಂಗಡಿಗಳ ಉದ್ದರಿಯೂ ಸಕಾಲಕ್ಕೆ ಬರುತ್ತದೆ ಎಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಬೀಳಗಿಯ ಮಾತೂ ಇಲ್ಲಿ ಪ್ರಸ್ತುತ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳು ದಾನಪಾತ್ರರಾಗಿ ಹುಟ್ಟಿದವರಲ್ಲ. ನಾಡಿಗೆ ನೀರು ಸಿಗಲೆಂದು ತಮ್ಮ ನೆಲವನ್ನು ಕೊಟ್ಟವರು ಅವರೇ. ಅವರಿಗೆ ಸಲ್ಲಬೇಕಾದುದು ಪರಿಹಾರ. ಅದು ಅವರ ಹಕ್ಕು. ಹಕ್ಕನ್ನು ದಾನದ ರೂಪದಲ್ಲಿ ಕೊಟ್ಟರೆ ಪಡೆಯುವವನ ತಲೆ ತಗ್ಗುತ್ತದೆ. ಆದ್ದರಿಂದ ಮೊದಲು ಸಲ್ಲಬೇಕಾದುದು ಸಲ್ಲಲಿ, ದಾನ ಅದರ ನಂತರ ಬರಲಿ.

ವಿಪತ್ತುಗಳು ಕಲಿಸಿದ ಪಾಠ

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಮತ್ತು ಘಟಪ್ರಭೆಗಳು ಒಮ್ಮೆಲೇ ಉಕ್ಕಿ ಬಂದು ಜಮಖಂಡಿ, ಮುಧೋಳ ಭಾಗದ ಹಲವಾರು ಗ್ರಾಮಗಳು ಜಲಾವೃತವಾದವು. ಅದರ ಹಿಂದಿನ ವರ್ಷವಷ್ಟೇ ಕೊಡಗಿನ ಸಂತ್ರಸ್ತರಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಗಂಟುಗಳು ಹೋಗಿದ್ದವು. ಕೊಟ್ಟ ಕೈ ಮರುವರ್ಷವೇ ಚಾಚಬೇಕಾಗಿ ಬಂತು. ದಾನಿ, ಯಾಚಕ ಎಂಬುದು ಶಾಶ್ವತವಾದ ಎರಡು ಜಾತಿಗಳಲ್ಲ. ನದಿಯ ನೀರು ಎಷ್ಟು ಏರಿದೆ ಎಂಬುದರ ಮೇಲೆ ಅದು ನಿಂತಿದೆ.

ಆಗ ರಾಜ್ಯ ಸರ್ಕಾರವು ತುರ್ತು ಪರಿಹಾರವಾಗಿ ಕುಟುಂಬಕ್ಕೆ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ದಾನಿಗಳ ಲಾರಿಗಳೂ ಧಾರಾಳವಾಗಿ ಬಂದವು. ಆದರೆ ಇಂಥ ಪ್ರತಿಯೊಂದು ವಿಪತ್ತಿನಲ್ಲಿಯೂ ಕಂಡುಬರುವ ದೋಷವೆಂದರೆ, ಬಂದ ಸಾಮಾನಿಗೂ ಬೇಕಾದ ಸಾಮಾನಿಗೂ ತಾಳೆಯಾಗದಿರುವುದು. ರಸ್ತೆಯ ಬದಿಯ ಕೇಂದ್ರಕ್ಕೆ ಎರಡು ಬಾರಿ ಸಾಮಾನು ಬಂದರೆ ಒಳಗಿನ ಹಳ್ಳಿಗೆ ಒಮ್ಮೆಯೂ ತಲುಪಿರುವುದಿಲ್ಲ. ಮೊದಲ ವಾರ ಬಿಸ್ಕತ್ತು, ನೀರಿನ ಬಾಟಲಿಗಳ ರಾಶಿ. ನಾಲ್ಕನೆಯ ವಾರ ಮನೆಯ ಕೆಸರು ತೆಗೆಯಲು ಸಲಿಕೆ ಇಲ್ಲ, ದನಕ್ಕೆ ಮೇವಿಲ್ಲ, ನೆನೆದ ಮಗ್ಗದ ಮೋಟಾರು ದುರಸ್ತಿಗೆ ಹಣವಿಲ್ಲ. ಹಳೆಯ ಬಟ್ಟೆಗಳ ಮಾತಂತೂ ಹೇಳುವುದೇ ಬೇಡ. ನಾಡಿಗೆಲ್ಲ ಸೀರೆ ನೇಯ್ದು ಕೊಡುವ ಮನೆತನದ ಹೆಣ್ಣುಮಗಳ ಕೈಗೆ ಹರಿದ ಸೀರೆಯನ್ನಿಡುವುದು ಸಹಾಯವೆನಿಸೀತೇ?

ಮರುವರ್ಷ, 2020ರ ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶವೆಲ್ಲ ಬಂದಾಯಿತು. ಮದುವೆಯ ಹಂಗಾಮೆಂದರೆ ಸೀರೆಯ ವ್ಯಾಪಾರಕ್ಕೆ ಸುಗ್ಗಿ. ಆ ಸುಗ್ಗಿಯೇ ಕೈತಪ್ಪಿತು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ನಿಂತಿತು. ಮೇ 6ರಂದು ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ನೆರವಿನಲ್ಲಿ ಕೈಮಗ್ಗ ನೇಕಾರರಿಗೆ 'ನೇಕಾರ ಸಮ್ಮಾನ್' ಯೋಜನೆಯಡಿ ವರ್ಷಕ್ಕೆ 2,000 ರೂಪಾಯಿ ಗೊತ್ತಾಯಿತು. ದುಡಿಯುವ ಕೈ ತಿಂಗಳುಗಟ್ಟಲೆ ಖಾಲಿ ಕುಳಿತಾಗ ಆ ಹಣ ಎಷ್ಟು ದಿನ ಬಂದೀತು? ಆಹಾರದ ಕಿಟ್‌ಗಳು ಮೊದಲ ದಿನಗಳಲ್ಲಿ ಹಸಿವು ತಡೆದವು. ಅನಂತರ ಬೇಕಾದುದು ಮಗ್ಗ ಮತ್ತೆ ಶುರುಮಾಡಲು ನೂಲು, ಬಡ್ಡಿ ಕಟ್ಟಲು ಸಮಯ, ಮಗಳ ಶಾಲೆಯ ಶುಲ್ಕ. ವಿಪತ್ತು ಬಂದ ಮೇಲೆ ಪಟ್ಟಿ ಹಿಡಿದು ಅಂಗಡಿ ಅಂಗಡಿಗೆ ಹೋಗುವ ಬದಲು, ಮೊದಲೇ ಕೂಡಿಸಿಟ್ಟ ನಿಧಿಯೊಂದಿದ್ದರೆ ನಾಲ್ಕನೆಯ ವಾರದ ಕೆಲಸಕ್ಕೆ ಅದು ಒದಗುತ್ತಿತ್ತು ಎಂಬುದು ಈ ಎರಡೂ ವರ್ಷಗಳ ಪಾಠ.

ಬಡತನದ ಮುಖ ಬದಲಾಗಿದೆ

ಹಿಂದಿನ ಕಾಲದ ಬಡತನವೆಂದರೆ ಹಸಿವು. ಆದ್ದರಿಂದ ಅನ್ನದಾನವೇ ಶ್ರೇಷ್ಠದಾನವೆನಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷ ಆರಂಭವಾದ ಅನ್ನಭಾಗ್ಯ, ಶಾಲೆಗಳ ಬಿಸಿಯೂಟ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಮುಂತಾದ ಯೋಜನೆಗಳ ತರುವಾಯ ಪಡಿತರ ಚೀಟಿಯುಳ್ಳ ಮನೆಯಲ್ಲಿ ಅಕ್ಕಿಯ ಚಿಂತೆ ಕಡಿಮೆಯಾಗಿದೆ. ಹಾಗೆಂದು ಬಡತನ ಹೋಗಿಲ್ಲ. ಅದು ಬೇರೆ ಬಾಗಿಲಿನಿಂದ ಬರುತ್ತಿದೆ.

ಆ ಬಾಗಿಲುಗಳಲ್ಲಿ ಮೊದಲನೆಯದು ಆಸ್ಪತ್ರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆದರೆ ರೋಗಿಯೊಡನೆ ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿಗಳಿಗೆ ಹೋಗುವವರ ಪ್ರಯಾಣ, ಊಟ, ತಪ್ಪಿದ ದುಡಿಮೆ ಇವುಗಳನ್ನು ಭರಿಸುವವರು ಯಾರು? ಎರಡನೆಯದು ಹತ್ತನೆಯ ತರಗತಿಯ ನಂತರದ ವಿದ್ಯೆ. ಪ್ರವೇಶದ ವಾರದಲ್ಲಿ ಕೈಯಲ್ಲಿ ಕೆಲವು ಸಾವಿರ ರೂಪಾಯಿ ಇಲ್ಲದ ಕಾರಣ ಮಗ್ಗಕ್ಕೆ ಕುಳಿತುಬಿಡುವ ಹುಡುಗ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದು ದುರ್ಲಭ. ಮೂರನೆಯದು ಸಾಲ. ಸಣ್ಣ ಸಾಲಗಳ ವಸೂಲಿಯಲ್ಲಿ ನಡೆಯುವ ಬಲವಂತವನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತೆಂದರೆ ಸಮಸ್ಯೆಯ ಆಳ ತಿಳಿದೀತು.

ನಾಲ್ಕನೆಯದು ಕಾಗದಪತ್ರ. ಸರ್ಕಾರದ ಸೌಲಭ್ಯವಿದ್ದೂ ಆಧಾರದಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರಿರುವ ವೃದ್ಧೆಗೆ ಪಿಂಚಣಿ ಬರುವುದಿಲ್ಲ. ಆಕೆಗೆ ನೂರು ರೂಪಾಯಿ ಕೊಟ್ಟು ಕಳುಹಿಸುವುದಕ್ಕಿಂತ, ಲೆಕ್ಕಪತ್ರದಲ್ಲಿ ನುರಿತ ನಮ್ಮ ಗುಮಾಸ್ತನೊಬ್ಬನು ಅರ್ಧ ದಿನ ಕೂತು ಆಕೆಯ ಅರ್ಜಿ ಸರಿಪಡಿಸಿಕೊಟ್ಟರೆ ಪ್ರತಿ ತಿಂಗಳೂ ಪಿಂಚಣಿ ಬರುತ್ತದೆ. ವ್ಯಾಪಾರಸ್ಥನ ಬಳಿ ಹಣಕ್ಕಿಂತ ಹೆಚ್ಚು ಬೆಲೆಬಾಳುವ ಸರಕೊಂದಿದೆ, ಅದು ವ್ಯವಹಾರಜ್ಞಾನ. ಅದನ್ನು ದಾನ ಮಾಡಿದರೆ ಬಂಡವಾಳ ಕರಗುವುದಿಲ್ಲ.

ಕೊಡುವ ಕ್ರಮ

ಹಾಗಾದರೆ ಮಾಡಬೇಕಾದುದೇನು? ಪ್ರತಿಯೊಬ್ಬ ಸದಸ್ಯನೂ ತನ್ನ ಸ್ವಂತ ಲಾಭದಿಂದ, ತಾನೇ ನಿಗದಿಪಡಿಸಿಕೊಂಡ ದರದಂತೆ, ತಿಂಗಳಿಗೊಮ್ಮೆ ಧರ್ಮಾದಾಯದ ಖಾತೆಗೆ ಜಮಾ ಮಾಡುವುದು ಮೊದಲ ಹೆಜ್ಜೆ. ಬಟ್ಟೆಯ ವ್ಯಾಪಾರಿ ಸೀರೆಗೊಂದು ರೂಪಾಯಿ, ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಕ್ವಿಂಟಲಿಗೊಂದು ರೂಪಾಯಿ ಎಂದು ದರ ಇಟ್ಟುಕೊಳ್ಳಬಹುದು. ಈ ರೂಪಾಯಿ ರೈತನ ಪಟ್ಟಿಯಿಂದಾಗಲೀ ನೇಕಾರನ ಮಜೂರಿಯಿಂದಾಗಲೀ ಬರತಕ್ಕದ್ದಲ್ಲ. ನಾಲ್ಕು ತಾಲೂಕುಗಳಲ್ಲಿ 200 ಅಂಗಡಿ-ಕಾರ್ಖಾನೆಗಳು ತಿಂಗಳಿಗೆ ಸರಾಸರಿ 500 ರೂಪಾಯಿ ಕೂಡಿಸಿದರೆ ತಿಂಗಳಿಗೆ 1 ಲಕ್ಷ, ವರ್ಷಕ್ಕೆ 12 ಲಕ್ಷ ರೂಪಾಯಿ ಆಗುತ್ತದೆ. ತಲಾ 15,000 ರೂಪಾಯಿಯಂತೆ ಇದರಿಂದ 80 ವಿದ್ಯಾರ್ಥಿಗಳ ಒಂದು ವರ್ಷದ ಶುಲ್ಕ ಭರಿಸಬಹುದು. ಒಬ್ಬೊಬ್ಬರಾಗಿ ಕೊಟ್ಟಾಗ ಕಾಣದ ಫಲ ಕೂಡಿ ಕೊಟ್ಟಾಗ ಕಾಣುತ್ತದೆ.

ಇದು ನಮ್ಮಿಂದಾಗುವ ಕೆಲಸವೇ ಎಂದು ಅನುಮಾನಿಸುವವರು ಚಿಕ್ಕಪಡಸಲಗಿಗೆ ಹೋಗಿ ನೋಡಬೇಕು. 1989ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಜಮಖಂಡಿ ಭಾಗದ ರೈತರು ತಾವೇ ಹಣ ಮತ್ತು ಶ್ರಮ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂಬ ಹೆಸರೂ ಬಂತು. ನದಿಗೇ ಒಡ್ಡು ಕಟ್ಟಿದ ನೆರೆಹೊರೆಯಲ್ಲಿ ಒಂದು ನಿಧಿ ಕಟ್ಟುವುದು ಅಸಾಧ್ಯವೇನಲ್ಲ. ಸವದತ್ತಿ ಬಳಿಯ ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ನಿಧನರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗೆಂದು ಮೃತ್ಯುಪತ್ರದ ಮೂಲಕ ವಿಶ್ವಸ್ತ ನಿಧಿಯಾಗಿ ಬಿಟ್ಟುಹೋದರು. ಕೊಟ್ಟವರು ಹೋದ ಮೇಲೂ ಕೊಡುಗೆ ಉಳಿಯಬೇಕಾದರೆ ಅದು ಸಂಸ್ಥೆಯ ರೂಪ ತಾಳಬೇಕೆಂಬುದಕ್ಕೆ ಇದು ಸಾಕ್ಷಿ.

ನಿಧಿಯನ್ನು ಸ್ಥಾಪಿಸುವವರು ಕೆಲವು ನಿಯಮಗಳನ್ನು ತಿಳಿದಿರಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಡಿ ವಿನಾಯಿತಿ ದೊರೆಯುತ್ತಿದ್ದುದು ಇಲಾಖೆಯಿಂದ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ಹಣಕ್ಕೆ ಮಾತ್ರ. 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ವಿನಾಯಿತಿ ಇರಲಿಲ್ಲ. ಅಕ್ಕಿ, ಬಟ್ಟೆಗಳಂಥ ವಸ್ತುರೂಪದ ದಾನಕ್ಕೂ ಇರಲಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಲೇಸು. 2013ರ ಕಂಪನಿ ಕಾಯ್ದೆಯ 135ನೆಯ ಕಲಮು 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಗಳಿಗೆ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ತೆಗೆದಿಡಲು ವಿಧಿಸಿದೆ. ನಮ್ಮ ಬಹುಪಾಲು ಸದಸ್ಯರು ಈ ಮಿತಿಯೊಳಗೆ ಬರುವುದಿಲ್ಲ. ಕಾನೂನು ಕೇಳದಿದ್ದರೂ ಮನಸ್ಸು ಕೇಳಬೇಕು.

ಕೊನೆಯದಾಗಿ ಪಡೆಯುವವರ ಮಾನದ ಮಾತು. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣರು ದಾನವೆಂಬ ಮಾತಿನಲ್ಲಿರುವ ಅಹಂಕಾರವನ್ನು ಕಂಡು ಕಾಯಕ-ದಾಸೋಹಗಳ ತತ್ತ್ವವನ್ನು ಬೋಧಿಸಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಹೇಳಿದವಳು ಆತನ ಹೆಂಡತಿ ಲಕ್ಕಮ್ಮ. ಬಡತನದಲ್ಲಿಯೂ ಸ್ವಾಭಿಮಾನ ಎಷ್ಟು ಎತ್ತರವಾಗಿರಬಲ್ಲದೆಂಬುದನ್ನು ಆ ತಾಯಿ ತೋರಿಸಿಕೊಟ್ಟಳು. ನಮ್ಮ ಬಾಗಿಲಿಗೆ ಬರುವವರಲ್ಲಿಯೂ ಲಕ್ಕಮ್ಮಂದಿರಿದ್ದಾರೆ. ಅಕ್ಕಿಯ ಚೀಲವನ್ನು ಕೊಡುವಾಗ ಅವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಿಸಿ ಪತ್ರಿಕೆಗೆ ಕಳುಹಿಸುವ ಪದ್ಧತಿಯನ್ನು ನಾವು ಕೈಬಿಡಬೇಕು. ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟಿದರೆ, ಔಷಧದ ಹಣವನ್ನು ನೇರವಾಗಿ ಅಂಗಡಿಗೆ ಕೊಟ್ಟರೆ, ಪಡೆದವರ ಹೆಸರು ನಿಧಿಯ ಪುಸ್ತಕದಾಚೆಗೆ ಹೋಗದು. ಒಟ್ಟು ಜಮಾ, ಖರ್ಚು, ಉಳಿಕೆಗಳ ಲೆಕ್ಕ ಮಾತ್ರ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಬರಲಿ. ಕೊಟ್ಟ ಮೊತ್ತ ಬಹಿರಂಗವಾಗಿರಲಿ, ಪಡೆದವರ ಮುಖ ಗುಪ್ತವಾಗಿರಲಿ.

ವ್ಯಾಪಾರಿಯ ಮಾತಿಗೆ ಪೇಟೆಯಲ್ಲಿ ಬೆಲೆ ಬರುವುದು ಆತನ ಲೆಕ್ಕ ಚೊಕ್ಕಟವಾಗಿದ್ದಾಗ ಮಾತ್ರ. ಧರ್ಮಕ್ಕೂ ಅದೇ ಮಾತು ಅನ್ವಯಿಸುತ್ತದೆ. ಮುಂದಿನ ದೀಪಾವಳಿಯ ಅಮಾವಾಸ್ಯೆಗೆ ಹೊಸ ಪುಸ್ತಕಕ್ಕೆ ಕುಂಕುಮ ಏರಿಸುವ ಮೊದಲು ಹಳೆಯ ಪುಸ್ತಕದಲ್ಲಿ ಯಾರ ಮಜೂರಿ ಬಾಕಿ ಇದೆಯೆಂದು ನೋಡಿ, ಅದನ್ನು ಚುಕ್ತಾ ಮಾಡೋಣ. ಅನಂತರ ಹೊಸ ಪುಸ್ತಕದ ಮೊದಲ ಪುಟದಲ್ಲಿ ಧರ್ಮಾದಾಯದ ಖಾತೆಯನ್ನು ತೆರೆದು, ಅಂದಿನ ವ್ಯಾಪಾರದ ಮೊದಲ ರೂಪಾಯಿಯನ್ನು ಅಲ್ಲಿ ಜಮಾ ಬರೆಯೋಣ.